ಅಕ್ಕನ ಸಾಸಿವೆ ಡಬ್ಬಿ

ಹೊಸ ಬ್ಯಾಚಿನ ಹುಡುಗಿಯರಿಗೆ ಆ್ಯಂಟಿಬಯೋಟಿಕ್ ಪಾಠವನ್ನು ನಾನು ಒಂದು ಪ್ರಶ್ನೆಯಿಂದ ಶುರುಮಾಡುತ್ತೇನೆ. ಅರ್ಧ ಖಾಲಿಯಾದ ಮಾತ್ರೆ ಪಟ್ಟಿಯೊಂದನ್ನು ಎತ್ತಿ ಹಿಡಿದು, "ಇಂಥದ್ದು ಯಾರ ಮನೆಯಲ್ಲಿ ಇಲ್ಲ, ಕೈ ಎತ್ತಿ" ಎನ್ನುತ್ತೇನೆ. ಮಧುಗಿರಿಯ ನಮ್ಮ ನರ್ಸಿಂಗ್ ಶಾಲೆಯಲ್ಲಿ ಇದುವರೆಗೆ ಒಂದು ಕೈಯೂ ಮೇಲೆದ್ದಿಲ್ಲ. ಶಿರಾದವರು, ಕೊರಟಗೆರೆಯವರು, ದೊಡ್ಡೇರಿಯಿಂದ ಬಸ್ಸಿನಲ್ಲಿ ಓಡಾಡುವವರು, ಎಲ್ಲರೂ ಮುಖ ಮುಖ ನೋಡಿಕೊಂಡು ನಗುತ್ತಾರೆ. ದೇವರ ಗೂಡು, ಟಿ.ವಿ. ಹಿಂದಿನ ಸಂದು, ಅಡುಗೆಮನೆ ಶೆಲ್ಫು, ಎಲ್ಲೋ ಒಂದು ಕಡೆ ಉಳಿದ ಮಾತ್ರೆ ಇದ್ದೇ ಇರುತ್ತದೆ.

ಹೋದ ವರ್ಷ ಪಾವಗಡದ ಕಡೆಯ ಒಬ್ಬಳು ಎದ್ದು ನಿಂತಳು. "ಮೇಡಂ, ನಮ್ಮೂರಾಗೆ ಕ್ಯಾಪ್ಸೂಲ್‌ಗೆ ಗೊಟ್ಟಂ ಅಂತಾರೆ. ನೆಗಡಿ ಆದ್ರೂ ಗೊಟ್ಟಂ, ಮೈಕೈ ನೋವಿಗೂ ಗೊಟ್ಟಂ. ನಾನು ನರ್ಸಿಂಗ್ ಸೇರಿದ್ಮೇಲೆ ಬೀದಿಯೋರೆಲ್ಲ ನನ್ನೇ ಕೇಳ್ತಾರೆ. ಇಲ್ಲ ಅನ್ನೋದು ಹೆಂಗೆ ಮೇಡಂ?"

"ಬಾಯಿ ಇಲ್ವೇನಮ್ಮ ನಿನಗೆ? ಇಲ್ಲ ಅಂದರೆ ಮುಗೀತು" ಎಂದೆ. ಕ್ಲಾಸು ಗೊಳ್ಳೆಂದಿತು. ಅವಳು ಮಾತ್ರ ನಗದೆ ಕೂತುಕೊಂಡಳು.

ನನ್ನ ಅಕ್ಕನನ್ನು ಕೊಟ್ಟಿದ್ದು ಕೊಳಾಲದ ಹತ್ತಿರದ ಒಂದು ಹಳ್ಳಿಗೆ. ಭಾವ, ಮಗ, ಸೊಸೆ, ತುಂಬಿದ ಮನೆ. ಅವಳ ಅಡುಗೆಮನೆಯಲ್ಲಿ ಒಂದು ಹಳೆಯ ಸಾಸಿವೆ ಡಬ್ಬಿಯಿತ್ತು, ಒಳಗೆ ಪುಟ್ಟ ಪುಟ್ಟ ಬಟ್ಟಲುಗಳಿರುತ್ತವಲ್ಲ, ಅಂಥದ್ದು. ಸಾಸಿವೆ, ಜೀರಿಗೆ ಇರಬೇಕಾದ ಬಟ್ಟಲುಗಳಲ್ಲಿ ಮಾತ್ರೆಗಳಿದ್ದವು. ಜ್ವರದ್ದು ಒಂದರಲ್ಲಿ, ಕೆಮ್ಮಿನದು ಒಂದರಲ್ಲಿ, ಹೊಟ್ಟೆಯದು ಇನ್ನೊಂದರಲ್ಲಿ. ಮನೆಯಲ್ಲಿ ಯಾರಿಗೆ ಏನು ತಂದರೂ, ಕೊಂಚ ಹುಷಾರಾದ ಕೂಡಲೇ ಉಳಿದದ್ದು ಆ ಡಬ್ಬಿ ಸೇರುತ್ತಿತ್ತು. ಅಲ್ಲಿಂದ ಬೀದಿಗೆ.

ನಮ್ಮ ಕಡೆ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದವರಿಗೆ ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ದೀಪ ಹಚ್ಚಿದ ಮೇಲೆ ಕೊಡುವುದಿಲ್ಲ. ಅಕ್ಕ ಮಾತ್ರೆಯನ್ನು ದೀಪ ಹಚ್ಚಿದ ಮೇಲೂ ಕೊಡುತ್ತಿದ್ದಳು. "ಔಷ್ದಿಗೆ ಎಂಥ ಮುಸ್ಸಂಜೆ ಕಣೇ" ಎನ್ನುವಳು. ನಾನು ಹೋದಾಗಲೆಲ್ಲ ಜಗಳ. ಅರ್ಧಕ್ಕೆ ಬಿಡಬೇಡ, ಕಳೆ ಕೀಳುವಾಗ ಬೇರು ಬಿಟ್ಟ ಹಾಗಾಗುತ್ತದೆ, ಇನ್ನೊಬ್ಬರಿಗೆ ಕೊಡಲಂತೂ ಬೇಡ ಎಂದು ಕೂಗಾಡುತ್ತಿದ್ದೆ. "ಹಂಚಿಕೊಂಡು ತಿಂದೋರಿಗೆ ಹಸಿವಿಲ್ಲ ಕಣೇ. ನೀನು ಮೇಷ್ಟ್ರುಗಿರಿ ಮಧುಗಿರೀಲಿಟ್ಕೊ" ಎಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುವಳು. ಹಿತ್ತಲ ಗಿಡ ಮದ್ದಲ್ಲ. ತಾಲ್ಲೂಕಿನ ಹುಡುಗಿಯರಿಗೆಲ್ಲ ಪಾಠ ಹೇಳಿದವಳ ಮಾತು ಒಡಹುಟ್ಟಿದವಳಿಗೆ ನಾಟಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಅವಳಿಗೆ ಚಳಿಜ್ವರ ಬಂತು, ಜೊತೆಗೆ ಪಕ್ಕೆ ನೋವು. ಮೊದಲೇ ಸಕ್ಕರೆ ಕಾಯಿಲೆ. ಡಾಕ್ಟರು ಮೂತ್ರಪಿಂಡಕ್ಕೆ ಸೋಂಕು ಎಂದು ಮಾತ್ರೆ ಬರೆದರು. ನಾನೇ ಕೊಂಡು, ನಾನೇ ಕೈಗಿಟ್ಟು, ಒಂದೂ ಉಳಿಸಕೂಡದೆಂದು ಆಣೆ ಹಾಕಿಸಿದೆ. ಸಂಜೆ ಸಂಜೆ ಫೋನು ಮಾಡುತ್ತಿದ್ದೆ. "ತಗೊಂಡ್ಯಾ?"

"ತಗೊಂಡೆ ಕಣೇ, ಏನು ನಿನ್ ಕಾಟ!"

ಜ್ವರ ಇಳಿಯಿತು. ಶುಕ್ರವಾರ ಗೊರವನಹಳ್ಳಿ ಬಸ್ಸು ಹತ್ತಿ ಲಕ್ಷ್ಮಿಗೆ ಕೈಮುಗಿದು ಬಂದಳು. ಈ ಒಂದು ಸಲವಾದರೂ ನನ್ನ ಮಾತು ಕೇಳಿದಳಲ್ಲ ಎಂದು ನನಗೆ ಹಿಗ್ಗೋ ಹಿಗ್ಗು.

ಮಳೆ ಶುರುವಾಗುವ ಹೊತ್ತಿಗೆ ಜ್ವರ ಮರಳಿತು. ಈ ಸಲ ತುಮಕೂರಿನ ದೊಡ್ಡ ಆಸ್ಪತ್ರೆ. ಅವಳ ಮೂತ್ರ ಪರೀಕ್ಷೆ ಮಾಡಿದವರು, ಆ ರೋಗಾಣು ಮಾಮೂಲಿ ಔಷಧಿಗಳಿಗೆ ಬಗ್ಗುತ್ತಿಲ್ಲ ಎಂದರು. ಬಗ್ಗುವ ಇಂಜೆಕ್ಷನ್ ಹಾಕುವಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. ನಾನು ಪಾಠದಲ್ಲಿ ಬೋರ್ಡಿನ ಮೇಲೆ ಬರೆಯುವುದೆಲ್ಲ ಆ ಮಂಚದ ಮೇಲೆ ಒಂದೊಂದಾಗಿ ನಡೆಯಿತು. ನನಗೆ ಮುಂದೇನೆಂದು ಗೊತ್ತಿತ್ತು. ಗೊತ್ತಿರುವುದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅಕ್ಕ ಉಳಿಯಲಿಲ್ಲ.

ತಿಥಿ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಪಾತ್ರೆ ಜೋಡಿಸುತ್ತಿದ್ದೆ. ಎದುರುಮನೆಯ ಹೆಂಗಸು ಸೊಂಟದ ಮೇಲೆ ಮಗು ಕೂರಿಸಿಕೊಂಡು ಬಾಗಿಲಲ್ಲಿ ನಿಂತು ಅತ್ತಳು.

"ನಿಮ್ಮಕ್ಕ ಪುಣ್ಯಾತ್ಗಿತ್ತಿ ಕಣಮ್ಮ. ಬೇಸಿಗೇಲಿ ಇವನಿಗೆ ನೆಗ್ಡಿ, ಜ್ವರ ಬಂದ್ಬುಟ್ಟಿತ್ತು. ನೀವು ಮಧುಗಿರಿಯಿಂದ ತಂದ್ಕೊಟ್ಟಿದ್ದ ಮಾತ್ರೇನೇ ಅರ್ಧರ್ಧ ಮುರ್ದು ಕೊಟ್ರು. 'ನಂಗೆ ಜ್ವರ ಬುಡ್ತು, ಇನ್ಯಾಕೆ, ಮಗೀಗೆ ಹಾಕು, ನನ್ ತಂಗಿಗೆ ಮಾತ್ರ ಹೇಳ್ಬ್ಯಾಡ' ಅಂದ್ರು. ಎರಡೇ ದಿನಕ್ಕೆ ಹೆಂಗೆ ಎದ್ದು ಕೂತ ಅಂತೀರಾ!"

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಮಗುವಿನದು ಬರೀ ನೆಗಡಿ ಜ್ವರ, ತಾನಾಗಿಯೇ ಹೋಗುತ್ತಿತ್ತು. ಆ ಮಾತ್ರೆಗೂ ಅದಕ್ಕೂ ಸಂಬಂಧವೇ ಇಲ್ಲ. ಅಕ್ಕನ ಮೈಯಲ್ಲಿ ಅಳಿದುಳಿದ ರೋಗಾಣು ಮಾತ್ರ ತಲೆ ಎತ್ತಿತು. ಹೇಳಬೇಕೆಂದು ಬಾಯಿ ತೆರೆದೆ. ಮಗು ನನ್ನ ಕಡೆ ಕೈ ಚಾಚಿ ನಕ್ಕಿತು. ಅದರ ತಾಯಿಗೆ ಏನೆಂದು ಹೇಳಲಿ? ನೀನು ಕೇಳಿದೆ, ಅವಳು ಕೊಟ್ಟಳು, ಅದಕ್ಕೆ ಹೋದಳು ಎನ್ನಲೇ? ಜೀವಮಾನವಿಡೀ ಅದನ್ನು ಹೊತ್ತು ತಿರುಗು ಎನ್ನಲೇ? ನುಂಗಿಕೊಂಡೆ.

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಇವತ್ತು ಮತ್ತೆ ಮೈ ಬೆಚ್ಚಗೈತೆ. ಡಬ್ಬೀಲಿ ಇನ್ನೇನಾದ್ರೂ ಉಳಿದೈತಾ ನೋಡ್ರಮ್ಮ" ಎಂದಳು.

ಮಗುವಿನ ಹಣೆ ಮುಟ್ಟಿ ನೋಡಿದೆ. ಡಬ್ಬಿ ನನ್ನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಪಾವಗಡದ ಆ ಹುಡುಗಿಯ ಮುಖ ಕಣ್ಣೆದುರು ಬಂತು. ಕೊನೆಗೆ, "ಇಲ್ಲಮ್ಮ. ನಾಳೆ ಬೆಳಿಗ್ಗೆ ನಾನೇ ನಿನ್ನ ಜೊತೆ ಆಸ್ಪತ್ರೆಗೆ ಬರ್ತೀನಿ" ಎಂದೆ.

ಅವಳ ಕಣ್ಣು ಡಬ್ಬಿಯ ಮೇಲಿತ್ತು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೊಸಿಲು ದಾಟಿದಳು.

"ಅಕ್ಕ ಇದ್ದಿದ್ರೆ ಇಲ್ಲ ಅಂತಿರ್ಲಿಲ್ಲ ಬುಡಿ" ಎಂದಳು.

ಅನ್ನುತ್ತಿರಲಿಲ್ಲ.