ಸಂಬಂಧ ಕೂಡಿಸುವ ಟ್ರೇ

ನನಗೆ ಹಳೇ ರೆಸಿನ್ ಟ್ರೇಗಳ ಹುಚ್ಚು. ಗಾಜಿನ ಹಾಗೆ ಗಟ್ಟಿಯಾಗುವ ಅಂಟಿನೊಳಗೆ ಎಲೆ, ಚಿಪ್ಪು, ಹಿತ್ತಾಳೆ ಚೂರು ಕೂರಿಸಿ ನಮ್ಮ ಅಜ್ಜಿಯರ ಕಾಲದಲ್ಲಿ ಮಾಡುತ್ತಿದ್ದ ಟ್ರೇಗಳವು. ಯಾರಾದರೂ ಅವನ್ನು ಪ್ಲಾಸ್ಟಿಕ್ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಯಜಮಾನರು ಬೇಕೆಂದೇ ಹಾಗನ್ನುತ್ತಾರೆ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಅವರ ಬಟ್ಟೆಗಿಂತ ನನ್ನ ಟ್ರೇಗಳಿಗೇ ಹೆಚ್ಚು ಜಾಗ ಸಿಕ್ಕಿರುವ ಹೊಟ್ಟೆಯುರಿ ಅದು.

ಹೊಸದುರ್ಗದ ಒಬ್ಬ ಅಜ್ಜಿಯ ಮನೆಯಲ್ಲಿ ಅಂಥದ್ದೊಂದಿದೆ ಎಂದು ಗೊತ್ತಾದ ಮೇಲೆ ನನಗೆ ಊಟ ಸೇರಲಿಲ್ಲ. ಬಸ್ಸು ಹತ್ತಿದೆ. ಅಜ್ಜಿ ತಂದು ತೋರಿಸಿದರು. ಜೇನಿನ ಬಣ್ಣ, ಒಳಗೆ ಹಳದಿ ಚಿಟ್ಟೆಗಳು. ಕೈಯಲ್ಲಿ ಹಿಡಿದವಳಿಗೆ ಕೆಳಗಿಡಲು ಮನಸ್ಸೇ ಬರಲಿಲ್ಲ.

“ಕೊಡಾಕಾಗಲ್ಲ ಕಣಮ್ಮ,” ಎಂದರು ಅಜ್ಜಿ. “ಹೆಣ್ಣು ನೋಡಾಕೆ ಬಂದೋರಿಗೆ ಇದ್ರಾಗೆ ಕಾಫಿ ಕೊಟ್ರೆ ಸಂಬಂಧ ಕೂಡೇ ಕೂಡ್ತೈತೆ. ಬೀದಿಯೋರೆಲ್ಲ ಇಸ್ಕಂಡು ಹೋಗ್ತಾರೆ. ನಾಡಿದ್ದು ನಮ್ಮ ಮೊಮ್ಮಗಳನ್ನ ನೋಡಾಕೆ ಬರ್ತಾರೆ.”

ಅಜ್ಜಿ ಕಾಫಿ ಮಾಡಲು ಒಳಗೆ ಹೋದದ್ದೇ ತಡ, ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಬಂದು ಟ್ರೇಯನ್ನು ಪೇಪರಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದಳು.

“ತಗಂಡೋಗ್ರಿ ಆಂಟಿ. ನಂಗೆ ಎಮ್ಮೆಸ್ಸಿ ಸೀಟು ಸಿಕ್ಕೈತೆ. ಇದು ಮನೇಲಿದ್ರೆ ನಾನು ಓದಿದಂಗೇ.”

ಆಸೆ ಒಂದು ಕಡೆ, ಅಂಜಿಕೆ ಒಂದು ಕಡೆ. ಕದ್ದ ಮಾಲು ದಕ್ಕುವುದಿಲ್ಲವೆಂದು ಹೊರಗೆ ತೆಗೆಯುವಷ್ಟರಲ್ಲಿ ಅಜ್ಜಿ ಲೋಟ ಹಿಡಿದು ಬಂದೇಬಿಟ್ಟರು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವರು ನನ್ನ ಕೈಯಲ್ಲಿದ್ದ ಪೇಪರಿನ ಗಂಟು ನೋಡಿದರು, ಮೊಮ್ಮಗಳನ್ನು ನೋಡಿದರು.

“ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳಾಕೆ ಏನೇ ಧಾಡಿ ನಿಂಗೆ?”

“ಹೇಳಿದ್ನಲ್ಲಜ್ಜಿ. ಯಾರು ಕೇಳಿದ್ರಿ?”

ಅಜ್ಜಿ ಲೋಟ ಕೆಳಗಿಟ್ಟು ಕೂತರು. “ನನ್ನನ್ನೂ ಯಾರೂ ಕೇಳಿರ್ಲಿಲ್ಲ ಬಿಡು,” ಎಂದು ನನ್ನ ಕಡೆ ತಿರುಗಿದರು. “ಮಾರಲ್ಲ ಕಣಮ್ಮ. ಇವಳ ಓದು ಮುಗಿಯೋಗಂಟ ನಿಮ್ಮ ಮನ್ಯಾಗಿರ್ಲಿ. ಆಮ್ಯಾಲೆ ತಂದು ಕೊಡ್ರಿ.”

ಎರಡು ದಿನ ಬಿಟ್ಟು ಹೆಣ್ಣು ನೋಡಲು ಬಂದವರಿಗೆ ಸ್ಟೀಲ್ ತಟ್ಟೆಯಲ್ಲಿ ಕಾಫಿ ಕೊಟ್ಟು, ಹುಡುಗಿ ಓದುತ್ತಾಳೆಂದು ಅಜ್ಜಿಯೇ ಹೇಳಿ ಕಳಿಸಿದರಂತೆ.

ಮೊನ್ನೆ ಹುಡುಗಿ ಫೋನ್ ಮಾಡಿದ್ದಳು. ಎಮ್ಮೆಸ್ಸಿ ಪಾಸಾಯಿತಂತೆ. ನನ್ನ ಎದೆ ಧಸಕ್ಕೆಂದಿತು.

“ಟ್ರೇ ತರಲೇನಮ್ಮ?”

“ಬ್ಯಾಡ್ರಿ ಆಂಟಿ. ಪಿಎಚ್‌ಡಿ ಮಾಡ್ತೀನಿ. ಅಲ್ಲೇ ಇರ್ಲಿ ಅಂತ ಅಜ್ಜೀನೇ ಹೇಳ್ತು.”

ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಓದಿಗೂ ಈ ಹುಡುಗಿಯ ಓದಿಗೆ ಹೊತ್ತಷ್ಟು ಹರಕೆ ನಾನು ಹೊತ್ತವಳಲ್ಲ.