ಅರಿಶಿನ ಹಚ್ಚಿದ ಸರ್ಟಿಫಿಕೇಟು

ನಮ್ಮಣ್ಣ ಕೊಟ್ಟೂರಪ್ಪನನ್ನು ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಎಲ್ಲರೂ ಕಾಲೇಜು ಕೊಟ್ರಪ್ಪ ಎಂದೇ ಕರೆಯುತ್ತಿದ್ದರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ದಿನವೆಲ್ಲ ರೇಷ್ಮೆ ಸೀರೆ ನೇಯುವವನಿಗೆ ಆ ಹೆಸರು ಗೌರವಕ್ಕೆ ಬಂದದ್ದಲ್ಲ, ಗೇಲಿಗೆ ಬಂದದ್ದು. ಗೇಲಿ ಮಾಡಿದವರಲ್ಲಿ ನಾನೂ ಒಬ್ಬ, ಅವನ ಸ್ವಂತ ತಮ್ಮ ಚಿಕ್ಕಬಸಪ್ಪ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡ. ಅವ್ವ ತಿಪ್ಪೇರುದ್ರಮ್ಮ ಮಗ್ಗ ನಡೆಸಿ ನಮ್ಮನ್ನು ಸಾಕಿದಳು. ಅವಳ ಅಣ್ಣ ಹಾಲೇಶಪ್ಪ ಮಾವ ಇದ್ದದ್ದು ರಾಯದುರ್ಗದಲ್ಲಿ. ನಮ್ಮೂರು ಮೈಸೂರು ಮಹಾರಾಜರದು, ಮಾವನ ಊರು ಇಂಗ್ಲಿಷರದು. ಗಾಡಿ ಕಟ್ಟಿದರೆ ಅರ್ಧ ದಿನದ ದಾರಿ. ಹೆಣ್ಣು ಕೊಟ್ಟು ಹೆಣ್ಣು ತಂದು, ತೆಲುಗಿನಲ್ಲಿ ಶುರುವಾದ ಜಗಳವನ್ನು ಕನ್ನಡದಲ್ಲಿ ಮುಗಿಸುವ ಜನ ನಾವು. ನಡುವೆ ಒಂದು ಗಡಿ ಇದೆ ಅನ್ನುವುದೇ ನಮಗೆ ಮರೆತುಹೋಗಿತ್ತು. ಮಾವ ಅಣ್ಣನನ್ನು ಕರೆದೊಯ್ದು ಓದಿಸಿದ, ಆ ಕಡೆಯ ಒಂದು ಕಾಲೇಜಿಗೂ ಸೇರಿಸಿದ. ಎರಡು ವರ್ಷ ಮುಗಿದಿತ್ತು. ಸಾವಿರದ ಒಂಬೈನೂರ ಹದಿನೇಳರ ಬೇಸಿಗೆಯಲ್ಲಿ ಮಾವ ಜ್ವರ ಬಂದು ಹೋಗಿಬಿಟ್ಟ.

ಆ ಕಡೆ ಇನ್ನು ಅನ್ನ ಹಾಕುವವರಿರಲಿಲ್ಲ. ಈ ಕಡೆ, ಮೈಸೂರು ಸೀಮೆಯಲ್ಲಿ, ಒಂದು ಮಠದ ಹಾಸ್ಟೆಲಿನವರು ಬಿ.ಎ. ಮುಗಿಯುವ ತನಕ ಇಟ್ಟುಕೊಳ್ಳುತ್ತೇವೆ ಎಂದರು. ಅಲ್ಲಿನ ಕಾಲೇಜಿನವರೂ ಪತ್ರ ಬರೆದರು: ಓದಿದ ಎರಡು ವರ್ಷವನ್ನು ಗಣನೆಗೆ ತೆಗೆದುಕೊಂಡು ಮುಂದಿನ ತರಗತಿಗೆ ಸೇರಿಸಿಕೊಳ್ಳಬಹುದು, ಆದರೆ ತಾವು ಹೊರ ಸೀಮೆಯ ವಿದ್ಯಾರ್ಥಿ, ಪ್ರಿನ್ಸಿಪಾಲರ ಸಹಿ ಮತ್ತು ಮೊಹರು ಇರುವ ಮೂಲ ಸರ್ಟಿಫಿಕೇಟು ತರತಕ್ಕದ್ದು. ಹೊರ ಸೀಮೆಯವನಂತೆ! ಇದೇ ಓಣಿಯ ಧೂಳಿನಲ್ಲಿ ಹೊರಳಾಡಿ ಬೆಳೆದವನು ಎರಡು ವರ್ಷ ಆ ಕಡೆ ಕಾಲೇಜು ಓದಿದ್ದಕ್ಕೇ ಹೊರಗಿನವನಾಗಿಬಿಟ್ಟ.

ಆ ಕಡೆಯ ಕಾಲೇಜಿನಿಂದ ಸರ್ಟಿಫಿಕೇಟು ಟಪಾಲಿನಲ್ಲಿ ಬಂದ ದಿನ ಅಣ್ಣ ಮನೆಯಲ್ಲಿರಲಿಲ್ಲ, ಪ್ರಯಾಣದ ಗಾಡಿ ಗೊತ್ತು ಮಾಡಲು ಚಳ್ಳಕೆರೆಗೆ ಹೋಗಿದ್ದ. ಅವ್ವ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಮ್ಮಲ್ಲಿ ಮಗ್ಗದಿಂದ ಇಳಿದ ಸೀರೆಯಾಗಲಿ, ಹಬ್ಬಕ್ಕೆ ತಂದ ಅಂಗಿಯಾಗಲಿ, ಮೂಲೆಗೆ ಒದ್ದೆ ಅರಿಶಿನ ಮುಟ್ಟಿಸದೆ ಬಳಸುವುದಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಮಗನ ಬಾಳಿನ ದೊಡ್ಡ ವಸ್ತು ಬಂದಿದೆ ಅನ್ನುವುದಷ್ಟೇ ಗೊತ್ತು. ಅರಿಶಿನ ಕಲಸಿ ನಾಲ್ಕೂ ಮೂಲೆಗೆ ಧಾರಾಳವಾಗಿ ಹಚ್ಚಿದಳು. ಬಲಗಡೆಯ ಕೆಳಮೂಲೆಯಲ್ಲಿ ಸಹಿ ಇತ್ತು, ನೇರಳೆ ಬಣ್ಣದ ಮೊಹರಿತ್ತು. ಎರಡೂ ಕದಡಿಕೊಂಡು ಒಂದು ಕಂದು ಕಲೆಯಾಯಿತು.

“ಬಂತು ನೋಡಪ್ಪ ನಿನ್ ಕಾಗ್ದ. ಹೊಸಾದು ಬೋಳಾಗಿರಬಾರ್ದು ಅಂತ ಅರಿಶಿನ ಹಚ್ಚೀನಿ,” ಎಂದಳು ಅವ್ವ, ಅಣ್ಣ ಬಾಗಿಲಿಗೆ ಬರುತ್ತಿದ್ದಂತೆ.

ಅಣ್ಣ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ನಾನಾಗಿದ್ದರೆ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಅವನು ಮಾತ್ರ “ಚೆಂದ ಐತೆ ಬಿಡವ್ವ,” ಎಂದು ಕಾಗದವನ್ನು ನೆರಳಲ್ಲಿ ಒಣಗಲು ಇಟ್ಟ.

ಹೊಸ ಕಾಲೇಜಿನ ಕಚೇರಿಯಲ್ಲಿ ನಡೆದದ್ದನ್ನು ಅವನು ಆಮೇಲೆ ನನಗೊಬ್ಬನಿಗೇ ಹೇಳಿದ. ಗುಮಾಸ್ತರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರಂತೆ. “ಇಲ್ಲಿ ಮೊಹರು ಅಳಿಸಿದೆಯಲ್ಲ, ಯಾರು ಮಾಡಿದ್ದು?” ಎಂದು ಕೇಳಿದರಂತೆ. ಸುತ್ತ ಹತ್ತಾರು ಹುಡುಗರು ನಿಂತಿದ್ದರು. ಅವ್ವನ ಹೆಸರು ಹೇಳಿದರೆ ಅವರೆಲ್ಲ ಅವಳನ್ನು ನೆನೆದು ನಗುತ್ತಾರೆ ಅನಿಸಿತು ನಮ್ಮಣ್ಣನಿಗೆ.

“ನಾನೇ ಸ್ವಾಮಿ,” ಎಂದುಬಿಟ್ಟ.

ಗುಮಾಸ್ತರು ನಗಲಿಲ್ಲ. ಕೆಂಪು ಶಾಯಿ ತೆಗೆದು ಕಾಗದದ ಮೇಲೆಯೇ ಬರೆದರು: ಮೊಹರು ಕೆಡಿಸಿದ್ದನ್ನು ವಿದ್ಯಾರ್ಥಿಯೇ ಒಪ್ಪಿಕೊಂಡಿದ್ದಾನೆ. ಅಲ್ಲಿಗೆ ಮುಗಿಯಿತು. ಈ ಕಾಲೇಜು ಸೇರಿಸಿಕೊಳ್ಳಲಿಲ್ಲ. ಮೊದಲು ಓದಿದ ಕಾಲೇಜಿಗೆ, ನಡೆದದ್ದನ್ನು ತಿಳಿಸಿ, ಎರಡನೆಯ ಪ್ರತಿ ಕೇಳಿ ಮೂರು ಸಲ ಬರೆದ. ಇಂಥ ಷರಾ ಬಿದ್ದವರಿಗೆ ಮತ್ತೊಂದು ಪ್ರತಿ ಕೊಡುವ ಪದ್ಧತಿಯಿಲ್ಲ ಎಂದು ಒಂದೇ ಸಲ ಉತ್ತರ ಬಂತು. ನಾನು ರೇಗಿದೆ. “ನಿಜ ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?” ಎಂದೆ. ಅವನು ಮಗ್ಗಕ್ಕಿಳಿದ.

ಅವ್ವನಿಗೆ, ಸೀಟು ತುಂಬಿತ್ತು ಎಂದು ಹೇಳಿದ್ದ. ಅವಳು ವರ್ಷಗಟ್ಟಲೆ ಆ ಸೀಟು ತುಂಬಿದವರಿಗೆ ಶಾಪ ಹಾಕಿದಳು. ಹಾಕಿದಾಗಲೆಲ್ಲ ಅಣ್ಣ ತಲೆಯೆತ್ತದೆ ಲಾಳಿ ಎಸೆಯುತ್ತಿದ್ದ. ಒಳ್ಳೆಯ ನೇಕಾರನೂ ಆಗಲಿಲ್ಲ. ಅವನು ನೇಯ್ದ ಅಂಚು ಎಲ್ಲೋ ಒಂದು ಕಡೆ ಸಡಿಲ ಬೀಳುತ್ತಿತ್ತು. ಕತ್ತಲೆಯ ಆ ಕೋಣೆಯಲ್ಲಿ ಅವನ ಬೆನ್ನು ಬಾಗಿದ್ದನ್ನು ನಾನು ದಿನಾ ನೋಡಿದೆ, ಏನೂ ಮಾಡಲಾಗಲಿಲ್ಲ.

ಐದು ವರ್ಷದ ಮೇಲೆ ನಾನು ಲೋಯರ್ ಸೆಕೆಂಡರಿ ಪಾಸಾದೆ. ನನ್ನ ಸರ್ಟಿಫಿಕೇಟು ಬಂದಾಗ ಅವ್ವನ ಕಣ್ಣಿಗೆ ಪೊರೆ ಬಂದಿತ್ತು. “ತಾರೋ ಇಲ್ಲಿ, ಅರಿಶಿನ ಹಚ್ತೀನಿ,” ಎಂದು ತಡವುತ್ತ ಬಟ್ಟಲಿಗೆ ಕೈಹಾಕಿದಳು.

ನಾನು ಕಾಗದವನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದೆ. “ಬ್ಯಾಡವ್ವ! ಅವತ್ತು ನೀನು ಅಣ್ಣಂದು...”

ಅಣ್ಣ ಮಗ್ಗದಿಂದ ಎದ್ದು ಬಂದು ನನ್ನ ಬಾಯಿ ಮುಚ್ಚಿದ. ಪೆಟ್ಟಿಗೆ ತೆಗೆದ. ತನ್ನ ಹಳೆಯ ಸರ್ಟಿಫಿಕೇಟನ್ನು ಅವ್ವನ ಮುಂದೆ ಹಾಸಿ, ಅವಳ ಬೆರಳು ಹಿಡಿದು ಮೂಲೆಗೆ ಮುಟ್ಟಿಸಿದ. ಅವಳು ಒಂದೊಂದೇ ಮೂಲೆಗೆ ಅರಿಶಿನ ಹಚ್ಚಿದಳು, ಕೊನೆಗೆ ಆ ಕಲೆಯ ಮೇಲೂ.

“ಇದಾದ್ರೂ ಕೈ ಹಿಡೀಲಪ್ಪ,” ಎಂದಳು.

“ಹಿಡೀತೈತೆ ಬಿಡವ್ವ,” ಎಂದ ಅಣ್ಣ. ಕಾಗದವನ್ನು ಮೊದಲಿನ ಹಾಗೆಯೇ ನೆರಳಲ್ಲಿ ಒಣಗಲು ಇಟ್ಟು, ಮತ್ತೆ ಗುಂಡಿಗಿಳಿದ.