ವಾರಗಿತ್ತಿಯ ಲವಂಗದೆಣ್ಣೆ

ಕಿರಿಯವಳು ಸೊಸೆಯಾಗಿ ಬರುವ ತನಕ ಕೋಳಿಯ ವಿಚಾರದಲ್ಲಿ ಹಿರಿಸೊಸೆ ಹೇಳಿದ್ದೇ ಮಾತು. ಮನೆಯ ಹಿಂದೆ ಎರಡು ಶೆಡ್ಡು; ಈಗ ಒಬ್ಬೊಬ್ಬರಿಗೆ ಒಂದು. ನಿನ್ನೆ ಮೊನ್ನೆ ಬಂದ ಈ ವಾರಗಿತ್ತಿ ಫೀಡಿಗೆ ಲವಂಗದೆಣ್ಣೆ ಬೆರೆಸತೊಡಗಿದ್ದೇ ತಡ, ಅವಳ ಕೋಳಿಗಳ ಹೊಟ್ಟೆ ಕೆಡುವುದು ನಿಂತಿತು, ಶೆಡ್ಡಿನ ಗಬ್ಬುನಾತ ಇಳಿಯಿತು. ಮೊಟ್ಟೆ ಒಯ್ಯುವ ಬೇಕರಿಯವನಂತೂ ನೇರ ಅತ್ತಲೇ ನಡೆಯುತ್ತಿದ್ದ. ಹಿರಿಯಳಿಗೆ ಮೈಯೆಲ್ಲ ಉರಿ.

ಅದರ ಮೇಲೆ ಅತ್ತೆಯ ಮಾತು ಬೇರೆ. "ನಂಗೆ ಸಾಕಾಯ್ತಮ್ಮ ಇಬ್ಬರ ಪಂಚಾಯ್ತಿ. ಈ ತಿಂಗಳು ಯಾರ ಕೋಳಿ ಚೆನ್ನಾಗಿರ್ತವೋ, ಎರಡೂ ಶೆಡ್ಡು ಅವರೇ ನೋಡ್ಕೊಳ್ಳಿ."

ಹಿರಿಯಳೂ ಲವಂಗದೆಣ್ಣೆಯ ಸೀಸೆ ತಂದಳು. ಎಷ್ಟು ಹಾಕುತ್ತೀಯೆಂದು ಅವಳನ್ನು ಕೇಳುವುದೇ? ಪ್ರಾಣ ಹೋದರೂ ಇಲ್ಲ! ಅವಳು ಚೂರು ಹಾಕಿದರೆ ತಾನು ಧಾರಾಳವಾಗಿ ಹಾಕಿದರಾಯಿತೆಂದು ಫೀಡಿನ ರಾಶಿಯ ಮೇಲೆ ಧಾರೆ ಬಿಟ್ಟು, ಕೈಯಿಂದ ಕಲಸಿದಳು. ಅಂಗೈ ಚುರುಗುಟ್ಟಿತು. ಖಾರವಿದ್ದರೆ ಕೆಲಸವೂ ಜೋರು ಅಂದುಕೊಂಡಳು.

ಕೋಳಿಗಳು ಕೊಕ್ಕು ಹಾಕಿದವು, ತಲೆ ಕೊಡವಿದವು, ದೂರ ಸರಿದವು. ಮಾರನೆಯ ದಿನವೂ ತಿನ್ನಲಿಲ್ಲ. ಮೊಟ್ಟೆ ಇಳಿಯಿತು, ಕೆಲವು ಮೂಲೆ ಹಿಡಿದು ಕೂತವು. ಕೊನೆಗೆ ಹಿರಿಯಳು ಹಲ್ಲು ಕಚ್ಚಿಕೊಂಡು ವಾರಗಿತ್ತಿಯ ಶೆಡ್ಡಿನ ಬಾಗಿಲಿಗೆ ಹೋದಳು.

ಕಿರಿಯಳು ಓಡಿಬಂದು ಒಂದು ಹಿಡಿ ಫೀಡು ಮೂಸಿದಳು. "ಅಯ್ಯೋ ಅಕ್ಕಾ, ಇಷ್ಟೊಂದಾ? ಇದು ಬಾಯಿ ಹೊಟ್ಟೆ ಎಲ್ಲಾ ಸುಡುತ್ತೆ. ನಾನು ಡಾಕ್ಟರ್ ಹೇಳಿದಷ್ಟು ಹನಿ ಮೊದ್ಲು ಬೋಗುಣಿ ತೌಡಿಗೆ ಬೆರೆಸ್ತೀನಿ, ಆಮೇಲೆ ಅದನ್ನ ರಾಶಿಗೆ. ಇಲ್ಲಾಂದ್ರೆ ಒಂದು ಕೋಳಿಗೆ ಏನೂ ಸಿಗಲ್ಲ, ಇನ್ನೊಂದಕ್ಕೆ ಬೆಂಕಿ."

ಅದನ್ನೆಲ್ಲ ಆಚೆ ಚೆಲ್ಲಿಸಿ, ತನ್ನ ಶೆಡ್ಡಿನಿಂದ ಎಣ್ಣೆ ಸೋಕದ ಫೀಡು ತಂದು ಸುರಿದಳು. ಹಿರಿಯಳು ತಾನೇ ಮರಿಯಿಂದ ಸಾಕಿದ ಕೋಳಿಗಳು ಕಿರಿಯಳ ಕಾಲು ಮುತ್ತಿಕೊಂಡವು. ಹಾಳಾದವು, ಬದುಕಿಕೊಂಡವಲ್ಲ ಎಂಬ ಸಮಾಧಾನಕ್ಕಿಂತ ಹಿರಿಯಳಿಗೆ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಗಲಾಟೆ ಕೇಳಿ ಅತ್ತೆ ಬಂದರು. "ಏನಾಗಿತ್ತೇ ಇವಕ್ಕೆ?"

"ಫೀಡು ಮುಗ್ಗಿತ್ತು ಅತ್ತೆ. ಅಂಗಡಿಯೋನು ಹಳೇದು ಕೊಟ್ಟಿದ್ದಾನೆ, ಅಕ್ಕಂದೇನೂ ತಪ್ಪಿಲ್ಲ," ಎಂದಳು ಕಿರಿಯಳು, ಕಣ್ಣು ಮಿಟುಕಿಸದೆ.

ಹಿರಿಯಳು ಸುಮ್ಮನಿದ್ದಿದ್ದರೆ ಸಾಕಿತ್ತು, ಶೆಡ್ಡು ಉಳಿಯುತ್ತಿತ್ತು.

"ಸುಳ್ಳು ಅತ್ತೆ. ನಾನೇ ಎಣ್ಣೆ ಸುರಿದು ಕೆಡಿಸಿದ್ದು. ಎರಡೂ ಶೆಡ್ಡು ಅವಳಿಗೇ ಕೊಡಿ," ಎಂದುಬಿಟ್ಟಳು ಹಿರಿಯಳು.

ಅತ್ತೆಯ ಕಣ್ಣು ತುಂಬಿ ಬಂತು. "ಎಂಥಾ ದೊಡ್ಡ ಮನಸ್ಸೇ ನಿಂದು!"

ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಒಳ್ಳೆಯವಳು ಅನ್ನಿಸಿಕೊಳ್ಳುವುದರಲ್ಲೂ ವಾರಗಿತ್ತಿಯೇ ಮುಂದೆ ಹೋಗುವುದನ್ನು ಹಿರಿಯಳಿಗೆ ನೋಡಲಾಗಿರಲಿಲ್ಲ, ಅಷ್ಟೇ.